ಪೈಪಿನೊಳಗಿನ ಹಸಿರು ಬಟ್ಟೆ

ರಾಬರ್ಟ್‌ಸನ್‌ಪೇಟೆಯಿಂದ ಬರುತ್ತಿದ್ದ ವಾಷಿಂಗ್ ಮಿಷನ್ ರಿಪೇರಿಯವರು ಮೊದಲು ಮಿಷನ್ನಿನ ಬೆನ್ನು ತಟ್ಟುತ್ತಿದ್ದರು. ಆಮೇಲೆ, "ಪಾಪ, ಇದ್ರ ಮ್ಯಾಲೆ ತಪ್ಪು ಆಕ್ಬೇಡಿ" ಎನ್ನುತ್ತಿದ್ದರು.

ಅಂದು ಉರಿಗಾಂನ ನಮ್ಮ ಮನೆಯ ಮಿಷನ್ನಿಗೆ ನೀರೇ ತುಂಬುತ್ತಿರಲಿಲ್ಲ. ಅಕ್ಕ ಕಾಫಿ ಮಾಡಲು ಒಳಗೆ ಹೋದಾಗ ಅವರು ನಲ್ಲಿಯ ಪೈಪು ಬಿಚ್ಚಿ, ಕೆಸರು ಮೆತ್ತಿದ ಹಸಿರು ಬಟ್ಟೆಯೊಂದನ್ನು ಇಕ್ಕಳದಿಂದ ಎಳೆದರು. ಅದು ಅಕ್ಕ ಮನೆಯೆಲ್ಲ ಹುಡುಕುತ್ತಿದ್ದ ರವಿಕೆಯ ತೋಳು. ನಲ್ಲಿಗೆ ಬಟ್ಟೆ ಕಟ್ಟಿ ನೀರು ಸೋಸುವುದು ನಮ್ಮ ಕಡೆಯ ರೂಢಿ. ಹಳೆಯ ರವಿಕೆಯೆಂದುಕೊಂಡು ಹರಿದು, ಪೈಪಿನೊಳಗೆ ತುರುಕಿದವಳು ನಾನೇ.

"ಅಣ್ಣಾ, ಅಕ್ಕಂಗೆ ಗೊತ್ತಾದ್ರೆ ನನ್ನ ಸಿಗಿದಾಕ್ತಾಳೆ" ಎಂದೆ. ಅವರು ನಕ್ಕು, ಬಟ್ಟೆಯನ್ನು ಜಾಲಿಸಿ ಹಿಂಡಿ ಜೇಬಿಗೆ ಹಾಕಿಕೊಂಡರು.

ಮಿಷನ್ನಿಗೆ ನೀರು ಸುರಿಯತೊಡಗಿತು. ಅಕ್ಕ ತಂದ ಕಾಫಿ ಕುಡಿದು ಅವರು ಮರೆತು ಜೇಬಿನ ಅದೇ ಬಟ್ಟೆಯಿಂದ ಮೀಸೆ ಒರೆಸಿಕೊಂಡರು.

"ಏನಯ್ಯಾ, ನನ್ ರವಿಕೆ ನಿನ್ ಜೇಬಿಗೆ ಎಂಗ್ ಬಂತು? ಅಷ್ಟುದ್ದ ಮೀಸೆ ಬಿಟ್ಕೊಂಡು ಮಾಡೋ ಕೆಲ್ಸಾನಾ ಇದು?" ಎಂದು ಅಕ್ಕ ಕಿರುಚಿದಳು.

ಅವರು ನನ್ನ ಕಡೆ ನೋಡಿದರು. ನಾನು ಮಿಷನ್ನಿನ ಕಡೆ ನೋಡಿದೆ.

"ನನ್ ಮ್ಯಾಲೇ ಆಕಿ ತಾಯಿ. ಮಿಷನ್ ಮ್ಯಾಲೆ ಮಾತ್ರ ತಪ್ಪು ಆಕ್ಬೇಡಿ" ಎಂದು ಚೀಲ ಎತ್ತಿಕೊಂಡು ಹೊರಟುಹೋದರು.

ಇಂದಿಗೂ ರಿಪೇರಿಗೆ ಯಾರು ಬಂದರೂ ಅಕ್ಕ ತನ್ನ ರವಿಕೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ಬೀಗದ ಕೈಯನ್ನು ನಂಬಿಕೆಯಿಂದ ನನಗೆ ಕೊಡುತ್ತಾಳೆ.