ಅಡುಗೆಮನೆ ಬಾಗಿಲಲ್ಲಿ ಗಿರಿಜಕ್ಕ

ಜೈಲಿನ ಅಡುಗೆಮನೆ ಬಾಗಿಲಿಗೆ ಒರಗಿ, ಮಜ್ಜಿಗೆ ಲೋಟ ಹಿಡಿದು ನಿಂತ ಗಿರಿಜಕ್ಕನೇ ನನಗೆ ಮೊದಲು ನೆನಪಾಗುವುದು. ಕಾಲು ಊದಿ ಕಂಬವಾಗಿತ್ತು. ಪಕ್ಕದಲ್ಲೇ ಸ್ಟೂಲ್ ಇದ್ದರೂ ಕೂರುತ್ತಿರಲಿಲ್ಲ.

ಮದರಾಸಿನ ಆ ಹೆಂಗಸರ ಜೈಲಿನಲ್ಲಿ ಅವಳು ಹೆಡ್ ವಾರ್ಡರ್, ನಾನು ಅವಳ ಕೈಕೆಳಗಿನವಳು. ಉಡುಪಿ ಕಡೆಯ ಹೆಂಗಸು. ನಕ್ಕರೂ ಬಯ್ದ ಹಾಗೆ ಕೇಳುತ್ತಿತ್ತು. ನನಗೆ ಅಕ್ಷರ ಅಷ್ಟಕ್ಕಷ್ಟೆ. ರುಜು ಹಾಕಲು ಕಲಿಸಿದವಳು ಅವಳೇ. "ಹೆಬ್ಬೆಟ್ಟು ಒತ್ತಿದ್ರೆ ನಿಂಗೂ ಒಳಗಿದ್ದವರಿಗೂ ಎಂತ ವ್ಯತ್ಯಾಸ ಮಾರಾಯ್ತಿ?" ಅನ್ನುತ್ತಿದ್ದಳು.

ಒಮ್ಮೆ ಕಾಲೇಜಿನ ಮೇಷ್ಟರೊಬ್ಬರು ಪ್ರಶ್ನೆಗಳ ಕಾಗದ ಹಿಡಿದು ಬಂದರು. ನಮ್ಮ ಕನ್ನಡದವರೇ. ಕೈದಿಯ ಸ್ವಭಾವ ಅಳೆದು, ಮುಂದೆ ಯಾರು ಇನ್ನೊಬ್ಬರ ಮೇಲೆ ಕೈ ಎತ್ತುತ್ತಾರೆಂದು ಆ ಕಾಗದ ಹೇಳುತ್ತದಂತೆ. ಆಗ ಮುನಿಯಮ್ಮ ಎಂಬ ಕೈದಿಯನ್ನು ಅಡುಗೆ ಕೆಲಸಕ್ಕೆ ಹಾಕುವ ಮಾತು ನಡೆದಿತ್ತು. ಗಂಡನನ್ನು ಕಡಿದು ಬಂದವಳು. ಎರಡು ವರ್ಷದಿಂದ ಒಂಟಿ ಕೋಣೆ. ಅಡುಗೆಮನೆ ಸಿಕ್ಕರೆ ಹಗಲಾದರೂ ಬೀಗದಿಂದ ಹೊರಗೆ. ಆದರೆ ಅಲ್ಲಿ ಈಳಿಗೆ ಮಣೆ ಇತ್ತು.

ಸಿಟ್ಟು ಬರುತ್ತದೆಯೇ ಎಂದು ಮೇಷ್ಟರು ತಮಿಳಿನಲ್ಲಿ ಕೇಳಿದರು. "ಆಮಾ ಸಾರ್." ಹೊಡೆಯಬೇಕು ಅನ್ನಿಸುತ್ತದೆಯೇ? "ಆಮಾ ಸಾರ್." ಎಲ್ಲದಕ್ಕೂ ಹೌದೇ. ಅಪಾಯದವಳು, ಒಳಗೇ ಇರಲಿ ಎಂದು ಬರೆದರು.

ಗಿರಿಜಕ್ಕ ಮುಂದೆ ಬಂದು, ನಿನಗೆ ಸಿಟ್ಟೇ ಬರುವುದಿಲ್ಲ ಅಲ್ಲವೇ ಎಂದು ಮುನಿಯಮ್ಮನನ್ನು ತಮಿಳಿನಲ್ಲೇ ಕೇಳಿದಳು.

"ಆಮಾಮ್ಮಾ."

"ಕೇಳಿದ್ರಾ ಮೇಷ್ಟ್ರೇ? 'ಇಲ್ಲ' ಅಂತ ಹೇಳಿದ್ರೆ ಪೆಟ್ಟು ಬೀಳ್ತದೆ ಅಂತ ನಾವೇ ಕಲಿಸಿದ್ದು."

"ಹಾಗಾದ್ರೆ ಅವಳಿಗೆ ನೀವೇ ಜವಾಬ್ದಾರಿ ಅಂತ ಬರ್ದುಕೊಡ್ತೀರಾ?"

ಬರೆದುಕೊಟ್ಟಳು. ಮುನಿಯಮ್ಮ ಕೈ ಎತ್ತಿದರೆ ತನ್ನ ಕೆಲಸ ಹೋಗಲಿ ಎಂದು.

ಮೂರು ವರ್ಷ ಮುನಿಯಮ್ಮ ತರಕಾರಿ ಹೆಚ್ಚಿದಳು. ಯಾರ ಮೇಲೂ ಕೈ ಎತ್ತಲಿಲ್ಲ. ಬಿಡುಗಡೆಯ ದಿನ ನಮ್ಮ ಕಡೆ ತಿರುಗಿಯೂ ನೋಡದೆ ಹೋದಳು.

ಗಿರಿಜಕ್ಕ ರಿಟೈರಾದ ಮೇಲೆ ಪಲ್ಲಾವರಂ ಸಂತೆಯಲ್ಲಿ ಒಂದು ಸಲ ಸಿಕ್ಕಳು. ಕಾಲಿಗೆ ಬಟ್ಟೆ ಸುತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದಳು.

"ಮುನಿಯಮ್ಮನ ವಿಷಯದಲ್ಲಿ ನೀನು ಹೇಳಿದ್ದೇ ಸರಿಯಾಯ್ತಲ್ಲ ಅಕ್ಕ," ಅಂದೆ.

"ಎಂತ ಸರಿ? ಅವಳ ಹೊಟ್ಟೆಯೊಳಗೆ ಎಂತ ಇತ್ತು ಅಂತ ನಂಗೆಂತ ಗೊತ್ತು? ಮೂರು ವರ್ಷ ಆ ಬಾಗಿಲಲ್ಲಿ ನಿಂತದ್ದು ಎಂತಕ್ಕೆ ಅಂತ ಮಾಡಿದ್ದಿ? ಮಜ್ಜಿಗೆಗಾ?"

ತೋಳು ಹಿಡಿದು ಎಬ್ಬಿಸಿ ಬಸ್ಸಿಗೆ ಹತ್ತಿಸಿದೆ. ಭಾರವಿದ್ದಳು.

ಅವಳು ಸತ್ತ ಸುದ್ದಿ ಬಂದ ದಿನ ಅಡುಗೆಮನೆಗೆ ಹೊಸ ಕೈದಿಯೊಬ್ಬಳನ್ನು ಹಾಕಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಸ್ಟೂಲ್ ಪಕ್ಕದಲ್ಲೇ ಇತ್ತು.