ಆಡಿನ ಮಂಡಿ ಕಂಡು ಹೊಟ್ಟೆಕಿಚ್ಚು

ಎರಡು ಲಕ್ಷ ಹತ್ತು ಸಾವಿರ. ನನ್ನ ಬಲ ಮಂಡಿ ಬದಲಿಸಲು ಮಂಗಳೂರಿನ ಡಾಕ್ಟರು ಹೇಳಿದ ರೇಟು. ಮಂಡಿಯೊಳಗಿನ ಕಾರ್ಟಿಲೇಜ್, ಅಂದರೆ ಎಲುಬಿಗೆ ಎಲುಬು ತಾಗದಂತೆ ನಡುವೆ ಇರುವ ಮೆತ್ತೆ, ಪೂರ್ತಿ ಸವೆದಿದೆಯಂತೆ. ಮೂವತ್ತು ವರ್ಷ ಮೂಡಿಗೆರೆ ಸುತ್ತಮುತ್ತಲಿನ ಆರ್‌ಸಿಸಿ ಮನೆಗಳಿಗೆ ಸೆಂಟ್ರಿಂಗ್ ಶೀಟು, ಅಂದರೆ ಕಾಂಕ್ರೀಟ್ ಸೂರು ಗಟ್ಟಿಯಾಗುವ ತನಕ ಅಡಿಗೆ ಕೊಟ್ಟು ಆಮೇಲೆ ಬಿಚ್ಚುವ ತಗಡು, ಹೊತ್ತವನ ಮಂಡಿ ಮತ್ತೆ ಹೇಗಿರುತ್ತದೆ? (ಈಗ ಹೊರುವುದಿಲ್ಲ, ಬಾಡಿಗೆಗೆ ಕೊಡುತ್ತೇನೆ.) ಚೌಕಾಸಿ ಮಾಡಿ ಹದಿನೈದು ಸಾವಿರ ಇಳಿಸಿದೆ. ಆದರೂ ಮಾಡಿಸಲಿಲ್ಲ.

ಯಾಕೆ? ಜಾವಳಿಯ ಸುಬ್ಬೇಗೌಡರ ಮಗಳು ಶ್ರುತಿ ಯಾವುದೋ ಲ್ಯಾಬಿನಲ್ಲಿ ಮಂಡಿಯ ಮೆತ್ತೆಯನ್ನೇ ಮತ್ತೆ ಬೆಳೆಸುತ್ತಾಳೆ ಎಂದು ಗೌಡರು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದರು. ಹೊಸ ಮಾಲು ಬರುತ್ತಿರುವಾಗ ಹಳೇದನ್ನು ಯಾರಾದರೂ ಕೊಳ್ಳುತ್ತಾರಾ? ಎಂಟು ತಿಂಗಳು ಕಾದೆ.

ಕಳೆದ ಭಾನುವಾರ ಶ್ರುತಿ ಊರಿಗೆ ಬಂದಿದ್ದಾಳೆಂದು ಗೊತ್ತಾಗಿ ಗೌಡರ ಮನೆಗೆ ಕುಂಟುತ್ತ ಹೋದೆ.

"ಸ್ಪಂಜಿನ ಥರ ಒಂದು ಚೌಕಟ್ಟು ಅಂಕಲ್," ಅಂದಳು. "ಮೆತ್ತೆಯಲ್ಲಿ ಗುಂಡಿ ಬಿದ್ದ ಜಾಗಕ್ಕೆ ಅದನ್ನ ಕೂರಿಸ್ತೀವಿ. ಅದ್ರೊಳಗೆ ಜೀನ್ ಇಟ್ಟಿರ್ತೀವಿ. ಸುತ್ತಲಿನ ಜೀವಕೋಶಗಳು ಬಂದು ಜೀನ್ ತಗೊಂಡು, ಅದು ಹೇಳಿದ ಹಾಗೆ ಹೊಸ ಮೆತ್ತೆ ಕಟ್ತವೆ. ಆಮೇಲೆ ಸ್ಪಂಜು ಕರಗಿ ಹೋಗುತ್ತೆ."

"ನಮ್ಮ ಸೆಂಟ್ರಿಂಗ್ ಹಂಗೆ?"

"ಹಂಗೇ. ಬಿಚ್ಚೋಕೆ ಆಳು ಬೇಡ, ಅಷ್ಟೆ."

ಹೊಟ್ಟೆ ಉರಿಯಿತು. ನನ್ನ ಒಂದು ಶೀಟಾದರೂ ತಾನಾಗಿ ಕರಗಿದ್ದುಂಟಾ? (ಗಿರಾಕಿಗಳ ಮನೆಯಲ್ಲಿ ಕರಗಿದ್ದು ಬೇರೆ ವಿಷಯ.)

ಜೀನನ್ನು ಜೀವಕೋಶದೊಳಗೆ ದಾಟಿಸಲು ಹಲವರು ಪಳಗಿಸಿದ ವೈರಸ್ ಬಳಸುತ್ತಾರಂತೆ. ಕೆಲಸದಲ್ಲಿ ಅದು ಚುರುಕು, ಆದರೆ ದೇಹ ಕೆಲವೊಮ್ಮೆ ಅದರ ಮೇಲೆ ತಿರುಗಿಬೀಳುತ್ತದೆ. ಇವಳದು ವೈರಸ್ ಇಲ್ಲದ ದಾರಿ. ಜೀನನ್ನು ಕೊಬ್ಬಿನ ಸಣ್ಣ ಕಣದಲ್ಲಿ ಸುತ್ತಿ ಇಡುವುದು. ನಿಧಾನ, ರಗಳೆ ಕಡಿಮೆ.

ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಆಡು. ಮಂಡಿಗೆ ಸ್ಪಂಜು ಕೂರಿಸಿಕೊಂಡ ಆಡು. ನೋಡನೋಡುತ್ತ ಕಟ್ಟೆ ಹಾರಿತು. ಗೌಡರ ಎಸ್ಟೇಟು ಕಂಡಾಗಲೂ, ಹೊಸ ಜೀಪು ಕಂಡಾಗಲೂ ನನಗೆ ಇಷ್ಟು ಹೊಟ್ಟೆಕಿಚ್ಚು ಆಗಿರಲಿಲ್ಲ. ಆ ಆಡು ಒಂದು ಪೈಸೆ ಕೊಟ್ಟಿಲ್ಲ. ಚೌಕಾಸಿಯನ್ನೂ ಮಾಡಿಲ್ಲ.

"ಮನುಷ್ಯರಲ್ಲಿ ಮೊದಲು ನಂಗೇ ಹಾಕು. ರೇಟು ಆಮೇಲೆ ಮಾತಾಡಣ," ಅಂದೆ.

"ನಾವಿನ್ನೂ ಆಡಿನಲ್ಲೇ ಇದೀವಿ ಅಂಕಲ್. ಮೇಲಾಗಿ ಇದು ಸಣ್ಣ ಗುಂಡಿ ಮುಚ್ಚೋಕೆ. ನಿಮ್ದು ಇಡೀ ಸೂರೇ ಹೋಗಿದೆ. ಕಾಯ್ಬೇಡಿ."

"ನನ್ ಮಗಳ ಹತ್ರ ನಿನ್ ಚೌಕಾಸಿ ನಡೆಯಲ್ಲ ಮಾರಾಯ," ಗೌಡರು ನಕ್ಕರು. ಅದೂ ಉರಿಯಿತು. (ಅವರ ಮಂಡಿ ಗಟ್ಟಿ ಇದೆ. ಮಗಳೂ.)

ಸೋಮವಾರ ಡಾಕ್ಟರ ಬಳಿ ಓಡಿದೆ, ಅಂದರೆ ಕುಂಟಿದೆ. ಎಂಟು ತಿಂಗಳು ಬಲಗಾಲಿನ ಭಾರವನ್ನೂ ತಾನೇ ಹೊತ್ತು ಎಡ ಮಂಡಿಯೂ ಸವೆದಿದೆಯಂತೆ. ಈಗ ಎರಡನ್ನೂ ಬದಲಿಸಬೇಕು.

ನೀವು ಹೀಗೆ ಮಾಡಬೇಡಿ. ನೋವಿದ್ದರೆ ಇವತ್ತು ಸಿಗುವ ಚಿಕಿತ್ಸೆಯನ್ನು ಇವತ್ತೇ ಮಾಡಿಸಿ. ನಾಳೆಯ ಮಂಡಿಯನ್ನು ಇವತ್ತೇ ಮಾರಲು ಯಾರಾದರೂ ಬಂದರೆ, ರೇಟಿಗಿಂತ ಮೊದಲು ಒಂದು ಪ್ರಶ್ನೆ ಕೇಳಿ: ಹಾಕಿಸಿಕೊಂಡವರಿಗೆ ಕಾಲು ಎರಡಾ, ನಾಲ್ಕಾ?