ಬೀಗರ ಹರಿವಾಣದ ಚೇಳು

ನಾನು ಹುಡುಗಿಯಾಗಿದ್ದಾಗ ನಮ್ಮ ಕಡೆಯ ಮದುವೆಗಳಲ್ಲಿ, ಗಂಡಿನ ದಿಬ್ಬಣ ಬಂದು ಕಾಲು ತೊಳೆದು ಚಾಪೆಯ ಮೇಲೆ ಕೂತ ಕೂಡಲೇ ಹೆಣ್ಣಿನ ಕಡೆಯ ಹೆಂಗಸರು ಒಂದು ದೊಡ್ಡ ಹರಿವಾಣ ತರುತ್ತಿದ್ದರು. ಮೇಲೆ ಬಾಳೆಲೆ ಮುಚ್ಚಿರುತ್ತಿತ್ತು. ಎಲೆ ತೆಗೆದರೆ ಒಳಗೆ ಚೇಳು, ಹಲ್ಲಿ, ಏಡಿ, ಕಡಿದ ಬೆರಳು, ನಟ್ಟನಡುವೆ ಹಲ್ಲು ಕಿರಿದ ದೆವ್ವದ ಮುಖ. ಎಲ್ಲವೂ ತಿನ್ನುವ ಸಿಹಿಯೇ. ಒಂದೆರಡರಲ್ಲಿ ಮಾತ್ರ ಮೋಸ ಇರುತ್ತಿತ್ತು: ಹೂರಣದ ಬದಲು ಹತ್ತಿ ತುಂಬಿದ ಹೋಳಿಗೆ, ಹೊಟ್ಟೆಯೊಳಗೆ ಸೂಜಿಮೆಣಸು ಅಡಗಿಸಿದ ಉಂಡೆ. ಕೊಟ್ಟದ್ದನ್ನು ಬೀಗರು ತಿನ್ನಬೇಕು, ತಿಂದು ನಗಬೇಕು. ಸಿಟ್ಟು ಬಂದು ಹರಿವಾಣ ತಳ್ಳಿ ಎದ್ದರೆ ಮದುವೆ ನಿಂತ ಹಾಗೇ. ಹತ್ತಿರದ ಬೆಳಕೆ ಊರಲ್ಲಿ ಒಂದು ದಿಬ್ಬಣ ಹಾಗೆ ಎದ್ದು ಹೋಗಿತ್ತು. ಆ ಹುಡುಗಿಗೆ ಮತ್ತೆ ಗಂಡು ಸಿಗಲಿಲ್ಲ ಎಂಬುದನ್ನು ನಮ್ಮ ಕೇರಿಯ ಹೆಂಗಸರು ಹರಿವಾಣ ಮಾಡಲು ಕೂತಾಗಲೆಲ್ಲ ನೆನಪಿಸಿಕೊಳ್ಳುತ್ತಿದ್ದರು.

ಈಗ ಇದನ್ನೆಲ್ಲ ಹೇಳಿದರೆ ಕೇಳಿದವರು ಎಷ್ಟು ಚಂದದ ಕಾಲ ಅನ್ನುತ್ತಾರೆ. ಹಾಗಂದವರ ಬಾಯಿಗೆ ಆ ಹತ್ತಿ ಹೋಳಿಗೆ ತುರುಕಬೇಕು ಅನ್ನಿಸುತ್ತದೆ ನನಗೆ.

ನಮ್ಮೂರು ಮುಟ್ಟಳ್ಳಿಯಲ್ಲಿ ಹರಿವಾಣದ ಕೆಲಸವೆಂದರೆ ನಾನೇ. ಇನ್ನೂ ಸೀರೆಗೆ ಬರದೆ ಪರಕಾರ ಉಡುವ ವಯಸ್ಸಿನಲ್ಲೇ ನೆರೆಯವರು ಆಯಿಯ ಹತ್ತಿರ ಬಂದು, ಮಗಳನ್ನು ಎರಡು ದಿನ ಕಳಿಸಿಕೊಡಿ ಎಂದು ಕೇಳುತ್ತಿದ್ದರು. ಬೆಲ್ಲದ ಗಟ್ಟಿಪಾಕಕ್ಕೆ ಹುರಿದ ಎಳ್ಳು ಸೇರಿಸಿ, ಕೈ ಸುಡುತ್ತಿರುವಾಗಲೇ ಎಳೆದು ತಿದ್ದಬೇಕು, ಆರಿದರೆ ಮುರಿಯುತ್ತದೆ. ಬಾಲದ ತುದಿಗೆ ಲವಂಗ ಚುಚ್ಚಿದರೆ ಚೇಳು. ಅಕ್ಕಿಹಿಟ್ಟನ್ನು ಬೆಲ್ಲದಲ್ಲಿ ಕಲಸಿ ಉದ್ದಕ್ಕೆ ಹೊಸೆದು ಕರಿದು, ಕೊಬ್ಬರಿಯ ತೆಳು ಚೂರನ್ನು ಉಗುರಿನ ಹಾಗೆ ಅಂಟಿಸಿದರೆ ಬೆರಳು. ಕಡಿದ ಜಾಗಕ್ಕೆ ಮುರುಗಲ ಹಣ್ಣಿನ ಕೆಂಪು ರಸ ಸವರುತ್ತಿದ್ದೆ. ದೆವ್ವದ ಮುಖಕ್ಕೆ ಕಾಯಿತುರಿಯನ್ನು ಸಕ್ಕರೆಯಲ್ಲಿ ಕಾಸಬೇಕು. ಆದರೆ ಅದು ಯುದ್ಧದ ಕಾಲ. ಸಕ್ಕರೆ ರೇಷನ್ನಿಗೆ ಬಿದ್ದಿತ್ತು, ಸಿಕ್ಕಿದ್ದು ಚಹಾಕ್ಕೇ ಸಾಲುತ್ತಿರಲಿಲ್ಲ. ಹಾಗಾಗಿ ಮುಟ್ಟಳ್ಳಿಯ ನನ್ನ ದೆವ್ವಗಳೆಲ್ಲ ಬೆಲ್ಲದ ಬಣ್ಣದವು. ತಲೆಗೂದಲಿಗೆ ಹುರಿದ ಶಾವಿಗೆ, ಹಲ್ಲಿಗೆ ಸುಲಿದ ಸೌತೆಬೀಜ.

ಹಲ್ಲು ಜೋಡಿಸುವುದು ತಂಗಿಯ ಪಾಲು. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಎಷ್ಟು ಹೇಳಿಕೊಟ್ಟರೂ ಅವಳ ಹಲ್ಲುಸಾಲು ಸೊಟ್ಟ, ದೆವ್ವ ಹೆದರಿಸುವ ಬದಲು ಹಲ್ಲುನೋವು ಬಂದ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ಅವಳೇ ಮೊದಲು ನಗುವವಳು. ನಗಲು ತೊಡಗಿದರೆ ಅವಳಿಗೆ ನಿಲ್ಲಿಸಲು ಬರುತ್ತಿರಲಿಲ್ಲ. ಉಸಿರು ಕಟ್ಟಿ, ಹೊಟ್ಟೆ ಹಿಡಿದು, ನೆಲಕ್ಕೆ ಕೂತುಬಿಡುತ್ತಿದ್ದಳು.

ನನ್ನ ಮದುವೆಯ ಹರಿವಾಣವನ್ನೂ ನಾನೇ ಮಾಡಿದೆ. ಗಂಡಿನ ಮನೆ ಕುಮಟೆಯಲ್ಲಿ, ಪೇಟೆಯ ಮೇಲೆ ಕಿರಾಣಿ ಅಂಗಡಿ ಇದ್ದ ಕುಟುಂಬ. ದಿಬ್ಬಣದವರು ಹೊನ್ನಾವರದಲ್ಲಿ ಹೊಳೆ ದಾಟಿ, ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಮೈಯೆಲ್ಲ ಮಸಿಯಾಗಿ ಬಂದಿಳಿದರು. ನಾನು ಒಳಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹತ್ತಿ ಹೋಳಿಗೆ ಹೋದದ್ದು ನೇರ ಅತ್ತೆಯಾಗುವವರ ಎಲೆಗೆ. ಅವರು ಕಚ್ಚಿ ಎಳೆದರು. ಹತ್ತಿ ಹಲ್ಲಿಗೆ ಸಿಕ್ಕಿ ಉದ್ದಕ್ಕೂ ಬಂತು. ಆಮೇಲೆ ಅವರು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದೆವ್ವದ ಮುಖವನ್ನು ಯಾರಿಗೂ ಮುರಿಯಲು ಬಿಡದೆ, ಊರಲ್ಲಿ ತೋರಿಸಬೇಕೆಂದು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡರು. ಇಂಥ ನಗುಮುಖದ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದು ಕೇರಿಯೆಲ್ಲ ಹೇಳಿತು. ನಾನೂ ನಂಬಿದೆ.

ಆ ನಗು ಚಪ್ಪರದ ನಗು, ಮನೆಯೊಳಗೆ ಬರುವಂಥದ್ದಲ್ಲ ಎಂದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಅತ್ತೆ ಕೈ ಎತ್ತಿದವರಲ್ಲ, ದನಿ ಏರಿಸಿದವರೂ ಅಲ್ಲ. ಅಕ್ಕಿ ಅಳೆದು ಕೊಡುವಾಗ ಒಬ್ಬರ ಪಾಲು ಕಡಿಮೆ ಅಳೆಯುತ್ತಿದ್ದರು, ಅಷ್ಟೆ. ಎಲ್ಲರೂ ಉಂಡ ಮೇಲೆ ಉಣ್ಣುವವಳು ನಾನು. ಗಂಜಿತಿಳಿ ಕುಡಿದು ಎದ್ದರೆ, ನಮ್ಮ ಸೊಸೆಗೆ ಹಸಿವೆಯೇ ಕಮ್ಮಿ ಎಂದು ನೆರೆಮನೆಯವರ ಮುಂದೆ ಹೇಳುತ್ತಿದ್ದರು. ಜ್ವರ ಬಂದು ಮಲಗಿದರೆ ತಾವೇ ಭತ್ತ ಕುಟ್ಟಲು ನಿಂತು, ಬೀದಿಗೆ ಕೇಳುವ ಹಾಗೆ ನರಳುತ್ತಿದ್ದರು. ಆಗ ನಾನು ಎದ್ದು ಒನಕೆ ಕಸಿದುಕೊಳ್ಳಬೇಕು. ಗಂಡನ ವಿಷಯ ಬರೆಯಲು ಏನೂ ಇಲ್ಲ. ಅಂಗಡಿಯಿಂದ ಬಂದು ಉಂಡು ಮಲಗುವ ಮನುಷ್ಯ. ಹೇಳಿದ್ದು ಕಿವಿಗೆ ಬಿದ್ದಿದೆಯೋ ಇಲ್ಲವೋ ಎಂದೇ ಗೊತ್ತಾಗುತ್ತಿರಲಿಲ್ಲ.

ಆದರೆ ಹರಿವಾಣ ಮಾತ್ರ ನಿಲ್ಲಲಿಲ್ಲ. ಅತ್ತೆಯ ಬಳಗದಲ್ಲಿ ಹೆಣ್ಣುಮಕ್ಕಳಿಗೆ ಬರವಿರಲಿಲ್ಲ. ಎಲ್ಲಿ ಹೆಣ್ಣಿನ ಮದುವೆಯೋ ಅಲ್ಲಿಗೆ ನನ್ನನ್ನು ಕರೆದೊಯ್ಯುತ್ತಿದ್ದರು. ಅಂಗಡಿಯ ಮನೆಯಲ್ಲವೇ, ಸಕ್ಕರೆಗೆ ಅಡ್ಡಿಯಿರಲಿಲ್ಲ. ನನ್ನ ದೆವ್ವಗಳು ಕುಮಟೆಯಲ್ಲಿ ಬೆಳ್ಳಗಾದವು. ಪಾಕದ ಹದ ನೋಡಲು ಒಂದು ಹನಿ ನಾಲಿಗೆಗೆ ತಾಗಿಸಿದರೂ ಎಂಜಲು ಮಾಡಿದೆ ಎಂದು ಅತ್ತೆ ಕಣ್ಣು ಬಿಡುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಕೂತು, ಸಿಹಿಯ ವಾಸನೆಗೆ ತಲೆ ಸುತ್ತುತ್ತಿರುವಾಗ, ನಾನು ಊರವರನ್ನು ನಗಿಸುವ ಚೇಳು ಮಾಡುತ್ತಿದ್ದೆ. ಮಾಡಿದ್ದನ್ನು ಹೊತ್ತು ತಂದು ಬಡಿಸುವವರು ಅತ್ತೆ. ನಮ್ಮ ಮನೆಯಲ್ಲಿ ಸೊಸೆಗೆ ಇಷ್ಟು ಸಲಿಗೆ ಎಂದು ಎಲ್ಲರೆದುರು ನನ್ನ ಗಲ್ಲ ಹಿಂಡುತ್ತಿದ್ದರು.

ಮೂರನೆಯ ಮಳೆಗಾಲದಲ್ಲಿ ನಾನು ಬಸುರಿ. ಬಾಣಂತನಕ್ಕೆ ತವರಿಗೆ ಕಳಿಸುವ ಮಾತಿತ್ತು. ಅದಕ್ಕೆ ಮೊದಲೇ, ಏಳು ತಿಂಗಳಿಗೇ, ಆಷಾಢದ ಮಳೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಎರಡು ದಿನ ಉಸಿರಾಡಿತು. ಹೊನ್ನಾವರದ ಹೊಳೆ ತುಂಬಿ ದೋಣಿ ನಿಂತಿತ್ತು. ಮುಟ್ಟಳ್ಳಿಗೆ ಸುದ್ದಿ ಮುಟ್ಟಿ ಅಪ್ಪ ಬಂದಾಗ ಎಲ್ಲ ಮುಗಿದು ವಾರ ಕಳೆದಿತ್ತು. ಅಪ್ಪ ಜಗುಲಿಯಲ್ಲಿ ಮಾವನ ಜೊತೆ ಕೂತು ಮಳೆಯ ವಿಚಾರ, ಗದ್ದೆ ನೆಟ್ಟಿಯ ವಿಚಾರ ಮಾತಾಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ನನ್ನ ಪಕ್ಕದಲ್ಲೇ ಇದ್ದರು, ಹೆಗಲ ಮೇಲೆ ಕೈ ಇಟ್ಟುಕೊಂಡು.

ಮೈಲಿಗೆ ಕಳೆದು ಕೆಲವೇ ದಿನಕ್ಕೆ, ಶ್ರಾವಣದಲ್ಲಿ ಅತ್ತೆಯ ಅಣ್ಣನ ಮಗಳ ಮದುವೆ. ಈ ಸಲ ಆಗುವುದಿಲ್ಲ ಎಂದೆ. ಕೂತು ಮಾಡುವ ಕೆಲಸ, ಮೈಗೆ ಆಯಾಸವಿಲ್ಲ, ಮನಸ್ಸಿಗೂ ಒಳ್ಳೆಯದು ಎಂದರು ಅತ್ತೆ. ಎದೆಹಾಲು ಇನ್ನೂ ನಿಂತಿರಲಿಲ್ಲ. ಸೀರೆಯ ಸೆರಗನ್ನು ಎರಡು ಮಡಿಕೆ ಮಾಡಿ ಕಟ್ಟಿಕೊಂಡು ಒಲೆಯ ಮುಂದೆ ಕೂತೆ. ಕೊಬ್ಬರಿಯ ಉಗುರು ಅಂಟಿಸುವಾಗ ಕೂಸಿನ ಉಗುರು ನೆನಪಾಗಿ ಕೈ ನಿಂತಿತು. ನಿಂತ ಕೈಯನ್ನು ಅತ್ತೆ ನೋಡಿದರು. ಮತ್ತೆ ಮಾಡಿದೆ. ಆ ಹರಿವಾಣದಷ್ಟು ಚಂದದ್ದನ್ನು ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಮದುವೆಗೆ ಬಂದವರು ಹೊನ್ನಾವರ, ಭಟ್ಕಳದ ತನಕ ಅದನ್ನು ಹೊಗಳಿಕೊಂಡು ಹೋದರಂತೆ.

ಆ ಹೊಗಳಿಕೆ ಮುಟ್ಟಳ್ಳಿಯನ್ನೂ ಮುಟ್ಟಿತು. ಚೌತಿ ಕಳೆಯುವಷ್ಟರಲ್ಲಿ ಅತ್ತೆ ನನ್ನ ಮೈದುನನಿಗೆ ನನ್ನ ತಂಗಿಯನ್ನು ಕೇಳಿಸಿದರು. ತವರಿನಿಂದ ಒಪ್ಪಿಗೆಯೂ ಬಂತು. ನನ್ನನ್ನು ಯಾರೂ ಕೇಳಲಿಲ್ಲ. ದೋಸೆ ಎರೆಯುತ್ತಿದ್ದೆ. ಮಾವ ಹೊರಗೆ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ತಂಗಿ ಈ ಅಡಿಗೆಮನೆಯಲ್ಲಿ ಗಂಜಿತಿಳಿ ಕುಡಿಯುವುದು ಕಣ್ಣಿಗೆ ಕಟ್ಟಿತು. ಹೇಗಾದರೂ ಮಾಡಿ ಇದನ್ನು ತಪ್ಪಿಸಬೇಕು ಎಂಬುದೊಂದೇ ನನ್ನ ತಲೆಯಲ್ಲಿ.

ದೀಪಾವಳಿಗೆ ತವರಿಗೆ ಹೋಗುತ್ತೇನೆ ಎಂದಾಗ ಅತ್ತೆ ಬೇಡ ಅನ್ನಲಿಲ್ಲ. ಹೊಸ ಸೀರೆ ಉಡಿಸಿ, ಡಬ್ಬಿ ತುಂಬ ಸಕ್ಕರೆ ಉಂಡೆ ಕೊಟ್ಟು ಕಳಿಸಿದರು. ಆಯಿಯನ್ನು ಹಿತ್ತಿಲ ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅಕ್ಕಿ ಅಳೆಯುವುದು, ಜ್ವರದ ದಿನ, ಕೂಸು ಹೋದ ಮೇಲಿನ ಹರಿವಾಣ, ಒಂದನ್ನೂ ಬಿಡಲಿಲ್ಲ. ಆಯಿ ಪೂರ್ತಿ ಕೇಳಿದಳು. ನಡುನಡುವೆ ನನ್ನ ಹೊಸ ಸೀರೆಯ ಅಂಚನ್ನು ಮುಟ್ಟಿ ನೋಡುತ್ತಿದ್ದಳು.

“ಅಷ್ಟು ಕಷ್ಟ ಇದ್ದವಳು ಚೇಳು ಮಾಡ್ತಾ ಕೂತ್ಕಂಡಿದ್ಯೆ?” ಎಂದಳು. “ಕೂಸು ಹೋದ ದುಃಖದಲ್ಲೂ ಎಲ್ಲರನ್ನೂ ನಗಿಸ್ತಾ ಇದ್ಯಂತೆ. ಎಷ್ಟು ಚಂದ ನೋಡ್ಕಂಡಿರ್ಬೇಕು ಅವರು ನಿನ್ನ. ನಾವು ಒಪ್ಪಿದ್ದೇ ಅದನ್ನ ಕೇಳಿ.”

ನಾನು ಸುಳ್ಳು ಹೇಳುತ್ತೇನೆ ಎಂದು ಆಯಿ ಅನ್ನಲಿಲ್ಲ. ಕೂಸು ಹೋದ ಮೇಲೆ ಹೆಂಗಸರ ಮನಸ್ಸು ಕೆಲವು ದಿನ ಹಾಗೆ, ಎಲ್ಲರೂ ಕೆಟ್ಟವರ ಹಾಗೆ ಕಾಣುತ್ತಾರೆ, ತಂಗಿ ಬಂದರೆ ನಿನಗೂ ಜೊತೆಯಾಯಿತು ಎಂದಳು. ತಂಗಿಗೆ ಹೇಳಲು ಹೋದರೆ ಅವಳು ಪೂರ್ತಿ ಕೇಳುವವಳೇ ಅಲ್ಲ. ಅಕ್ಕನ ಮನೆಗೆ ಬಂದು ಬಿಳಿ ದೆವ್ವಕ್ಕೆ ಹಲ್ಲು ಜೋಡಿಸುವ ಸಂಭ್ರಮ ಅವಳದು.

ಮಾಘದಲ್ಲಿ ಮದುವೆ. ನಾನು ಬಂದದ್ದು ಗಂಡಿನ ದಿಬ್ಬಣದಲ್ಲಿ, ಬೀಗಿತ್ತಿಯಾಗಿ. ಹುಟ್ಟಿದ ಮನೆಯ ಅಂಗಳದಲ್ಲಿ ನನ್ನ ಕಾಲಿಗೆ ಬೇರೆಯವರು ನೀರು ಹಾಕಿದರು. ಬೀಗರ ಸಾಲಿನಲ್ಲಿ ಅತ್ತೆಯ ಪಕ್ಕ ಕೂತೆ. ಇನ್ನು ಉಳಿದದ್ದು ಒಂದೇ ದಾರಿ. ಅದನ್ನು ಹೊನ್ನಾವರದ ಹೊಳೆ ದಾಟುವಾಗಲೇ ಯೋಚಿಸಿ ಆಗಿತ್ತು. ಊರು ಏನಾದರೂ ಅನ್ನಲಿ, ಬೆಳಕೆಯ ಹುಡುಗಿಯ ಹಾಗೆ ತಂಗಿ ತವರಲ್ಲೇ ಉಳಿದರೂ ಉಳಿಯಲಿ, ಅವಳ ಹೊಟ್ಟೆಗೆ ಅನ್ನ ಇರುತ್ತದೆ ಎಂದುಕೊಂಡಿದ್ದೆ.

ಆಯಿ ಹರಿವಾಣ ತಂದಳು. ನಾನಿಲ್ಲದೆ ತಂಗಿಯೇ ಮಾಡಿದ್ದು. ಚೇಳುಗಳ ಬಾಲ ಮುರಿದಿದ್ದವು, ಬೆರಳುಗಳು ಬಾತುಹೋಗಿದ್ದವು. ಆಯಿ ಎಲ್ಲರನ್ನೂ ಬಿಟ್ಟು ನನ್ನ ಮುಂದೆ ಬಂದು ನಿಂತಳು. ತಗಳ್ಳಿ ಬೀಗಿತ್ತೀರೇ ಎಂದು, ಬಹುವಚನದಲ್ಲಿ, ನಗುತ್ತ ಒಂದು ಹೋಳಿಗೆ ನನ್ನ ಎಲೆಗೆ ಹಾಕಿದಳು. ಅದರ ಅಂಚಿನಲ್ಲಿ ಹತ್ತಿ ಕಾಣುತ್ತಿತ್ತು.

ನಾನು ಎರಡೂ ಕೈಯಿಂದ ಹರಿವಾಣ ತಳ್ಳಿದೆ. ದೆವ್ವದ ಮುಖ ಚಾಪೆಯ ಮೇಲೆ ಉರುಳಿ ಹಲ್ಲು ಚೆದುರಿದವು. ಎದ್ದು ನಿಂತೆ.

“ಇಂಥಾ ಮರ್ಯಾದೆಗೆ ನಾವು ಬಂದದ್ದಲ್ಲ. ಈ ಸಂಬಂಧ ನಮಗೆ ಬೇಡ.”

ಅಪ್ಪ ಹೆಗಲ ಪಂಜಿವಸ್ತ್ರ ಕೈಗೆ ತೆಗೆದುಕೊಂಡು, ಮುಖ ಕಪ್ಪಿಟ್ಟು ನನ್ನತ್ತ ಬರತೊಡಗಿದರು. ಕಾಲಿಗೆ ಬೀಳಲೇ ಬರುತ್ತಿದ್ದರೋ ಏನೋ. ನನ್ನ ಮಾತು ನಡೆಯಿತು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ನಕ್ಕರು. ನನ್ನ ಮದುವೆಯಲ್ಲಿ ನಕ್ಕಿದ್ದರಲ್ಲ, ಅದೇ ನಗು.

“ನೋಡಿ ನಮ್ಮ ಸೊಸೇನ. ಬೇರೆಯವರನ್ನ ಹೆದರಿಸಿ ಆತು, ಈಗ ತವರಿನವರ ಸರದಿ.”

ಅಷ್ಟೇ ಸಾಕಾಯಿತು. ಒಬ್ಬರು ನಕ್ಕರು, ಹತ್ತು ಜನ ನಕ್ಕರು, ಚಪ್ಪರವೆಲ್ಲ ನಕ್ಕಿತು. ತಮಾಷೆಯಲ್ಲ, ನಿಜವಾಗಿ ಹೇಳುತ್ತಿದ್ದೇನೆ ಎಂದೆ. ಮತ್ತೂ ನಕ್ಕರು. ನನ್ನ ಕಣ್ಣಲ್ಲಿ ನೀರು ಇಳಿಯಿತು. ನಗುವವರ ಕಣ್ಣಲ್ಲೂ ನೀರಿತ್ತು, ಹಾಗಾಗಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಎಂಥಾ ನಟನೆ ಎಂದು ಯಾರೋ ಮೆಚ್ಚಿದರು. ಆಯಿ ಎದೆಯ ಮೇಲೆ ಕೈ ಇಟ್ಟುಕೊಂಡು ನಕ್ಕಳು. ಅಪ್ಪ ಗಂಡಾಂತರ ಕಳೆದವರ ಹಾಗೆ ನಕ್ಕರು. ಆ ನಗುವನ್ನು ನಾನು ಅಪ್ಪ ಸತ್ತ ಮೇಲೂ ಕ್ಷಮಿಸಿಲ್ಲ. ಒಳಕೋಣೆಯಿಂದ ತಂಗಿಯ ನಗು ಕೇಳಿಸಿತು. ಉಸಿರು ಕಟ್ಟಿ, ಹೊಟ್ಟೆ ಹಿಡಿದು ನೆಲಕ್ಕೆ ಕೂತಿದ್ದಾಳೆ ಎಂದು ನೋಡದೆಯೂ ಗೊತ್ತಾಯಿತು.

ಅತ್ತೆ ನನ್ನ ಮುಂಗೈ ಹಿಡಿದು ಕೂರಿಸಿದರು. ಸೆರಗಿನ ಮರೆಯಲ್ಲಿ ಬಳೆ ಒಡೆಯುವ ಹಾಗೆ ಹಿಡಿದಿದ್ದರು. ಅಷ್ಟು ಜನರಲ್ಲಿ ನನ್ನ ಮಾತು ನಿಜ ಎಂದು ತಿಳಿದದ್ದು ಅವರೊಬ್ಬರಿಗೇ.

ತಂಗಿ ಕುಮಟೆಗೆ ಬಂದಳು. ಅಕ್ಕಿಯ ಅಳತೆಯಲ್ಲಿ ಇಬ್ಬರ ಪಾಲು ಕಡಿಮೆಯಾಯಿತು. ಮೊದಮೊದಲು ಅವಳು ಅದಕ್ಕೂ ನಕ್ಕಳು, ಮರೆತು ಅಳೆದಿರಬೇಕು ಎಂದಳು. ಮಳೆಗಾಲ ಹಿಡಿಯುವ ಹೊತ್ತಿಗೆ ನಗುವುದು ಬಿಟ್ಟಿದ್ದಳು. ಒಂದು ಮಧ್ಯಾಹ್ನ ನಾವಿಬ್ಬರೂ ಒಂದೇ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದೆವು. ಅವಳು ಒನಕೆ ನಿಲ್ಲಿಸಿ ನನ್ನನ್ನೇ ನೋಡಿದಳು.

“ಅಕ್ಕಾ, ನೀ ಅವತ್ತು ಹರಿವಾಣ ತಳ್ಳಿದ್ದು ತಮಾಷೆಗಲ್ಲ ಅಲ್ದಾ?”

ಅವಳ ಮುಖ ನೋಡಿದೆ. ಆ ದಿನ ಒಳಕೋಣೆಯಲ್ಲಿ ತಾನೂ ನಕ್ಕದ್ದು ಅವಳಿಗೆ ನೆನಪಿತ್ತು.

“ತಮಾಷೆಗೇ ಮಾರಾಯ್ತಿ,” ಎಂದೆ.